ಬರೋದೇ ಬೇಡ ಅನ್ನುವ ಬಿ.ಇಡಿ. ಬೇಡ: ಪಾಂಡವಪುರದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. 3 ವರ್ಷದ ಬಿ.ಎಸ್ಸಿ. ಮುಗಿಸಿದ್ದೇನೆ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಶೇ 52 ಬಂದಿದೆ. 2 ವರ್ಷದಿಂದ ಖಾಸಗಿ ಶಾಲೆಯಲ್ಲಿ 3 ಮತ್ತು 4ನೇ ತರಗತಿಗೆ ಪಾಠ ಮಾಡುತ್ತಿದ್ದೇನೆ, ತರಬೇತಿ ಆಗಿಲ್ಲ. ಹೈಸ್ಕೂಲ್ ಟೀಚರ್ ಆಗಬೇಕು ಅಂತ ಆಸೆ. ಮಗಳಿಗೆ ಈಗ 4 ವರ್ಷ, ದಿನಾ ಕಾಲೇಜಿಗೆ ಹೋಗಿಬರುವುದು ಕಷ್ಟ. ದೂರದ ಊರಿನ ಕಾಲೇಜೊಂದರ ಕಡೆಯವರು "ನೀವು ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು, ರೆಗ್ಯುಲರ್ ಸರ್ಟಿಫಿಕೇಟೇ ಕೊಡ್ತೀವಿ" ಅನ್ನುತ್ತಿದ್ದಾರೆ. ಸೇರಲೇ? ಇಲ್ಲ, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮಾಡಲೇ? ಒಂದು ವರ್ಷದ ಬಿ.ಇಡಿ. ಮತ್ತೆ ಬರುತ್ತದಂತೆ, ಅದಕ್ಕೆ ಕಾಯಲೇ? ಇಂಗ್ಲಿಷ್ ಮೆಥಡ್ ತೆಗೆದುಕೊಂಡರೆ ಒಳ್ಳೆಯದು ಅನ್ನುತ್ತಾರೆ, ನಿಜವೇ? ಬಿ.ಇಡಿ. ಆದರೆ ಪ್ರೈಮರಿಗೂ ಅರ್ಜಿ ಹಾಕಬಹುದೇ? ನನ್ನ ತಮ್ಮ ದ್ವಿತೀಯ ಪಿಯುಸಿಯಲ್ಲಿದ್ದಾನೆ, ಅವನೂ ಮೇಷ್ಟ್ರಾಗುತ್ತೇನೆ ಅನ್ನುತ್ತಾನೆ, ಅವನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆರು ಪ್ರಶ್ನೆಗಳಿವೆ. ಐದಕ್ಕೆ ಬೇಗ ಉತ್ತರ ಹೇಳಿಬಿಡಬಹುದು. "ಬರೋದೇ ಬೇಡ" ಅನ್ನುವವರ ಮಾತು ಮಾತ್ರ ಹಾಗೆ ಮುಗಿಯುವುದಲ್ಲ. ಮೈಸೂರಿನಲ್ಲಿ 31 ವರ್ಷ ಬಿ.ಇಡಿ. ವಿದ್ಯಾರ್ಥಿಗಳಿಗೆ ವಿಜ್ಞಾನ ಬೋಧನೆ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಮೊದಲು ಅಂಕದ ವಿಚಾರ. ಬಿ.ಇಡಿ. ಪ್ರವೇಶದ ನಿಯಮ ಮಾಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಎಲ್ಲರೂ ಎನ್‌ಸಿಟಿಇ ಅನ್ನುತ್ತಾರಲ್ಲ, ಅದು. ಅದರ 2014ರ ನಿಯಮಾವಳಿಯಂತೆ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 50 ಅಂಕ ಬೇಕು. ಎಂಜಿನಿಯರಿಂಗ್ ಓದಿದವರಿಗಾದರೆ ಶೇ 55. ಮೀಸಲಾತಿ ಇರುವವರಿಗೆ ಸರ್ಕಾರದ ನಿಯಮದಂತೆ ಸಡಿಲಿಕೆ ಉಂಟು. ನಿಮಗೆ 52 ಇದೆ, ಅರ್ಹತೆಗೆ ಏನೂ ತೊಂದರೆಯಿಲ್ಲ. ಆದರೆ ಅರ್ಹತೆ ಬೇರೆ, ಸೀಟು ಬೇರೆ. ನಮ್ಮಲ್ಲಿ ಸರ್ಕಾರಿ ಕೋಟಾದ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅಂಕ ಮತ್ತು ಮೀಸಲಾತಿ ನೋಡಿ ಹಂಚುತ್ತದೆ. 52ಕ್ಕೆ ಮೊದಲ ಸುತ್ತಿನಲ್ಲೇ ಮೈಸೂರು ನಗರದ ಒಳ್ಳೆಯ ಕಾಲೇಜು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಆಯ್ಕೆಪಟ್ಟಿಯಲ್ಲಿ ಮಂಡ್ಯ, ಮೈಸೂರು ಎರಡೂ ಕಡೆಯ ಕಾಲೇಜುಗಳನ್ನು ಧಾರಾಳವಾಗಿ ತುಂಬಿ. ನೀವು 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳೇ ನಿಮ್ಮ ಕೈಹಿಡಿಯುವುದು.

ಮುಕ್ತ ವಿಶ್ವವಿದ್ಯಾನಿಲಯದ ದಾರಿ ನಿಮಗೆ ಸದ್ಯಕ್ಕೆ ಇಲ್ಲ. ಮೈಸೂರಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದರಿಂದ ನಮ್ಮ ಕಡೆಯವರಿಗೆ ಅದು ಸುಲಭ ಅನ್ನಿಸುತ್ತದೆ. ಆದರೆ ದೂರಶಿಕ್ಷಣದ ಬಿ.ಇಡಿ.ಯನ್ನು ಎನ್‌ಸಿಟಿಇ ಇಟ್ಟಿರುವುದೇ ಈಗಾಗಲೇ ತರಬೇತಿ ಪಡೆದು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವವರಿಗೆ, ಇಲ್ಲವೇ ಡಿ.ಇಡಿ.ಯಂಥ ಮಾನ್ಯತೆ ಪಡೆದ ಶಿಕ್ಷಕರ ತರಬೇತಿ ಕೋರ್ಸನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. 2 ವರ್ಷ ಪಾಠ ಮಾಡಿದ ಅನುಭವ ನಿಮಗಿದೆ, ತರಬೇತಿ ಇಲ್ಲ. ಅನುಭವ ತರಬೇತಿಯ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿ ಹಾಕಿ ದುಡ್ಡು, ವರ್ಷ ಎರಡನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ.

ಒಂದು ವರ್ಷದ ಬಿ.ಇಡಿ.ಗೆ ಕಾಯಬೇಡಿ. 2025ರಲ್ಲಿ ಎನ್‌ಸಿಟಿಇ ಹೊಸ ನಿಯಮಾವಳಿಯ ಕರಡು ಹೊರಡಿಸಿತು, ಒಂದು ವರ್ಷದ ಕೋರ್ಸಿನ ಪ್ರಸ್ತಾಪ ಅದರಲ್ಲಿ ಇದೆ, ನಿಜ. ಆದರೆ ಅದು 4 ವರ್ಷದ ಪದವಿ ಅಥವಾ ಎಂ.ಎ., ಎಂ.ಎಸ್ಸಿ. ಆದವರಿಗೆ. ನಿಮ್ಮದು 3 ವರ್ಷದ ಪದವಿ. ಆ ಕರಡು ಹಾಗೇ ಜಾರಿಯಾದರೂ ನಿಮ್ಮ ಪಾಲಿಗೆ ಬರುವುದು 2 ವರ್ಷದ ಕೋರ್ಸೇ. ಮತ್ತೆ ಯಾಕೆ ಕಾಯುವುದು?

ಮೆಥಡ್ ಅಂದರೆ ಬಿ.ಇಡಿ.ಯಲ್ಲಿ ನೀವು ಯಾವ ವಿಷಯ ಕಲಿಸಲು ತರಬೇತಿ ಪಡೆಯುತ್ತೀರೋ ಅದು. ಅದನ್ನು ಆರಿಸುವಾಗ ತುಂಬ ಎಚ್ಚರ ಬೇಕು. ಇಂಗ್ಲಿಷ್ ಮೆಥಡ್ ಮಾಡಿದರೆ ಖಾಸಗಿ ಶಾಲೆಯಲ್ಲಿ ಸಂಬಳ ಚೆನ್ನಾಗಿರುತ್ತದೆ ಅಂತ ನಿಮಗೆ ಹೇಳಿದವರು ಅರ್ಧ ಹೇಳಿದ್ದಾರೆ. ಬಿ.ಎಸ್ಸಿ.ಯಲ್ಲಿ ನೀವು ಇಂಗ್ಲಿಷನ್ನು ಭಾಷೆಯಾಗಿ ಓದಿದ್ದೀರಿ, ಐಚ್ಛಿಕ ವಿಷಯವಾಗಿ ಅಲ್ಲ. ಸರ್ಕಾರಿ ಹೈಸ್ಕೂಲಿನ ನೇಮಕಾತಿಯಲ್ಲಿ ಪದವಿಯಲ್ಲಿ ಓದಿದ ಐಚ್ಛಿಕ ವಿಷಯ ಮತ್ತು ಬಿ.ಇಡಿ.ಯಲ್ಲಿ ಮಾಡಿದ ಮೆಥಡ್ ಒಂದಕ್ಕೊಂದು ಹೊಂದಬೇಕು. ನಿಮ್ಮದು ಸಿಬಿಝಡ್. ಜೀವವಿಜ್ಞಾನ ಒಂದು, ಭೌತವಿಜ್ಞಾನ ಒಂದು, ಇವೆರಡನ್ನು ತೆಗೆದುಕೊಳ್ಳಿ. ರಸಾಯನಶಾಸ್ತ್ರ ಭೌತವಿಜ್ಞಾನದ ಮೆಥಡ್ಡಿನೊಳಗೇ ಬರುತ್ತದೆ. "ಸಿಬಿಝಡ್ ಪೋಸ್ಟ್" ಅಂತ ಕರೆಯುವಾಗ ಕೇಳುವುದು ಈ ಜೋಡಿಯನ್ನೇ. ಪ್ರವೇಶದ ದಿನ "ಆ ಮೆಥಡ್ ಸೀಟು ತುಂಬಿದೆ, ಇದನ್ನು ಬರೆಸಿ" ಅಂದರೆ ಒಪ್ಪಿಕೊಳ್ಳಬೇಡಿ. ಆ ಒಂದು ಗೆರೆ ನಾಳೆ ಅರ್ಜಿಯನ್ನೇ ತಿರಸ್ಕರಿಸುವಂತೆ ಮಾಡೀತು.

ಇನ್ನು ಪ್ರೈಮರಿ. 2018ರ ಎನ್‌ಸಿಟಿಇ ಅಧಿಸೂಚನೆ ಬಿ.ಇಡಿ. ಆದವರಿಗೂ 1ರಿಂದ 5ನೇ ತರಗತಿಯ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೆ ಬೇರೆಯದೇ ತರಬೇತಿ ಬೇಕು, ಬಿ.ಇಡಿ. ಅದಕ್ಕಾಗಿ ಇರುವುದಲ್ಲ ಎಂಬ ಆ ತೀರ್ಪು ನನಗೆ ಸರಿ ಅನ್ನಿಸಿದೆ. ಹಾಗಾಗಿ ಬಿ.ಇಡಿ. ಮುಗಿಸಿದರೆ ನಿಮ್ಮದು 6ರಿಂದ ಮೇಲಿನ ಹಾದಿ. 6ರಿಂದ 8ಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರಾಗಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆಯನ್ನೂ ಪಾಸು ಮಾಡಬೇಕು. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಬರಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಹೈಸ್ಕೂಲ್ ಹುದ್ದೆಗಳು ಯಾವಾಗಲೋ ಕರೆಯುತ್ತವೆ, ನಡುವೆ ವರ್ಷಗಳೇ ಕಳೆಯಬಹುದು. ಅದಕ್ಕೇ ಎರಡೂ ಕಡೆ ಕಣ್ಣಿಟ್ಟಿರಿ.

ನಿಮ್ಮ ತಮ್ಮನಿಗೆ ನೇರ ದಾರಿಯೇ ಇದೆ. ಪಿಯುಸಿ ಆದಮೇಲೆ ಪದವಿ ಮತ್ತು ಬಿ.ಇಡಿ. ಎರಡನ್ನೂ 4 ವರ್ಷದಲ್ಲಿ ಒಟ್ಟಿಗೆ ಮುಗಿಸುವ ಕೋರ್ಸುಗಳಿವೆ. ಈ ಬಗೆಯ ಓದಿಗೆ ದೇಶದಲ್ಲೇ ಹೆಸರಾದ ಜಾಗ ನಮ್ಮ ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. 1963ರಲ್ಲಿ ಶುರುವಾದ, ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಆರ್‌ಐಇ ಅಂದರೆ ಮೈಸೂರಿನ ಯಾವ ಆಟೋದವರಿಗೂ ಗೊತ್ತು. ಅದರ ಆವರಣದಲ್ಲೇ ಒಂದು ಶಾಲೆ ಇದೆ. ಮೇಷ್ಟ್ರಾಗುವವರು ಓದುವ ಜಾಗದಲ್ಲೇ ಮಕ್ಕಳೂ ಓಡಾಡುತ್ತಿರಬೇಕು ಅನ್ನುವುದು ಎಷ್ಟು ಸರಿಯಾದ ಯೋಚನೆ ನೋಡಿ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು, ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ಅರ್ಜಿ ಹಾಕಬೇಕಾಗುತ್ತದೆ. ಅವನಿಗೆ ಇವತ್ತೇ ಹೇಳಿ.

ಈಗ ಆ ದೂರದ ಊರಿನ ಕಾಲೇಜಿನ ಮಾತಿಗೆ ಬರುತ್ತೇನೆ.

2015ಕ್ಕೆ ಮುಂಚೆ ಬಿ.ಇಡಿ. ಒಂದು ವರ್ಷದ್ದಾಗಿತ್ತು. ಅದನ್ನು ಎರಡು ವರ್ಷ ಮಾಡಿದ್ದು ವಿದ್ಯಾರ್ಥಿಗಳಿಂದ ಇನ್ನೊಂದು ವರ್ಷದ ಶುಲ್ಕ ವಸೂಲಿ ಮಾಡಲಿಕ್ಕಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳ ಗುಣಮಟ್ಟವನ್ನು ನೋಡಿ, ತರಬೇತಿಯ ಅವಧಿ ಹೆಚ್ಚಬೇಕು, ಶಾಲೆಯೊಳಗಿನ ಕೆಲಸ ಹೆಚ್ಚಬೇಕು ಎಂದಿತು. ಅದರ ಮೇಲೆ ಬಂದದ್ದು 2014ರ ನಿಯಮಾವಳಿ. ಅದರ ಲೆಕ್ಕ ಹೀಗಿದೆ: ಪರೀಕ್ಷೆ ಮತ್ತು ದಾಖಲಾತಿಯ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ. ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ 90. ಇಂಟರ್ನ್‌ಶಿಪ್ ಒಟ್ಟು 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ಮಗು, ಮನೆ, ಕಾಯಿಲೆ ಅಂತ ತಡವಾದರೆ 3 ವರ್ಷದೊಳಗೆ ಮುಗಿಸಲು ಅವಕಾಶವಿದೆ.

ಆ ಕಾಲೇಜಿನವರು ನಿಮಗೆ "ಬೇಡ" ಅನ್ನುತ್ತಿರುವುದು ಈ 200 ದಿನಗಳನ್ನು, ಈ 20 ವಾರಗಳನ್ನು. ನೀವು ಹೋಗದ ದಿನಗಳಿಗೆ ನಿಮ್ಮ ಹೆಸರಿನ ಮುಂದೆ ಅವರು ಹಾಜರಿ ಹಾಕುತ್ತಾರೆ. ಯಾವುದೋ ಶಾಲೆಯ ಮುಖ್ಯ ಶಿಕ್ಷಕರ ಸಹಿ ಇರುವ ಇಂಟರ್ನ್‌ಶಿಪ್ ಪತ್ರ ತರಿಸುತ್ತಾರೆ. ಆ ಕಾಗದಗಳ ಕೆಳಗೆ ನಿಮ್ಮ ಸಹಿಯೂ ಇರುತ್ತದೆ. ನಿಮ್ಮ ಖಾಸಗಿ ಶಾಲೆಯ ಹಾಜರಿ ಪುಸ್ತಕದಲ್ಲೂ ಅದೇ ದಿನ ನಿಮ್ಮ ಸಹಿ ಇದ್ದರೆ, ನೇಮಕಾತಿ ಹೊತ್ತಿನಲ್ಲಿ ದಾಖಲೆ ಪರಿಶೀಲನೆಗೆ ಬಂದವರು ಎರಡನ್ನೂ ಮುಂದಿಟ್ಟು ಕೇಳಿದರೆ, ಉತ್ತರ ಹೇಳಬೇಕಾದವರು ನೀವು. ಕಾಲೇಜಿನವರು ಆಗ ಫೋನೂ ಎತ್ತುವುದಿಲ್ಲ.

ಅದು ಸಿಕ್ಕಿಬೀಳುವ ಭಯದ ಮಾತಾಯಿತು. ನನ್ನ ಸಂಕಟ ಬೇರೆ. ಕೆಲವು ವರ್ಷಗಳ ಹಿಂದೆ ಹಾಗೆ ಪದವಿ ಪಡೆದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಕೆಲಸ ಸಿಕ್ಕಿತ್ತು, 9ನೇ ತರಗತಿ ಕೊಟ್ಟಿದ್ದರು. "ಮೇಡಂ, 40 ನಿಮಿಷ ಹೇಗೆ ಕಳೆಯೋದು ಅಂತ ಹೇಳಿಕೊಡಿ, ನಾನು 12 ನಿಮಿಷಕ್ಕೆ ಪಾಠ ಮುಗಿಸಿಬಿಡ್ತೀನಿ, ಆಮೇಲೆ ನೋಟ್ಸ್ ಬರೆಸ್ತೀನಿ" ಅಂತ ಅತ್ತಳು. ಜಾಣೆ ಹುಡುಗಿ, ವಿಷಯ ಚೆನ್ನಾಗಿ ಗೊತ್ತು. ಆದರೆ ಮಕ್ಕಳ ಮುಂದೆ ನಿಂತು ತಪ್ಪು ಮಾಡುವ ಅವಕಾಶವೇ ಅವಳಿಗೆ ಸಿಕ್ಕಿರಲಿಲ್ಲ.

ಆ ಅವಕಾಶ ಎಂಥದ್ದು ಅಂತ ಹೇಳುತ್ತೇನೆ. ಮೊದಲ ವರ್ಷ ಸೂಕ್ಷ್ಮ ಬೋಧನೆ ಅಂತ ಇರುತ್ತದೆ. ಒಂದು ಸಲಕ್ಕೆ ಒಂದೇ ಕೌಶಲ: ಪಾಠಕ್ಕೆ ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು. 6 ನಿಮಿಷ ಪಾಠ, 6 ನಿಮಿಷ ಜೊತೆಗಾರರ ಮತ್ತು ಗುರುಗಳ ಅಭಿಪ್ರಾಯ, 12 ನಿಮಿಷ ಪಾಠವನ್ನು ಮತ್ತೆ ಯೋಜಿಸುವುದು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಅಭಿಪ್ರಾಯ. ಒಟ್ಟು 36 ನಿಮಿಷದ ಸುತ್ತು. ಕೇಳಲು ಆಟದಂತಿದೆ. ಆದರೆ ಪ್ರಶ್ನೆ ಕೇಳಿದ ಕೂಡಲೇ ಉತ್ತರವನ್ನೂ ತಾನೇ ಹೇಳಿಬಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ ಅನ್ನುವುದು ಆ 6 ನಿಮಿಷದಲ್ಲಿ ಗೊತ್ತಾಗುತ್ತದೆ. ಕೇಳಿ, ಸುಮ್ಮನಿದ್ದು, ಮಗುವಿನ ಮುಖ ನೋಡುತ್ತ ಕಾಯುವುದನ್ನು ಕಲಿಯಲು ನನ್ನ ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಬೇಕಾಗುತ್ತಿತ್ತು.

ಆಮೇಲೆ ಇಂಟರ್ನ್‌ಶಿಪ್. ಒಮ್ಮೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು 10ನೇ ತರಗತಿಗೆ ದ್ಯುತಿಸಂಶ್ಲೇಷಣೆ ಮಾಡುತ್ತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ದಾಸವಾಳದ ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದಳು. ಎಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಮದ್ಯಸಾರವನ್ನು ನೇರ ಬೆಂಕಿಗೆ ಇಡದೆ ನೀರಿನ ಪಾತ್ರೆಯೊಳಗಿಟ್ಟು ಕಾಯಿಸಿ, ಹಸಿರು ಬಿಡಿಸಿ, ಅಯೋಡಿನ್ ಹಾಕಿದಳು. ಎಲ್ಲ ಸರಿಯಾಗಿತ್ತು. ಪಿಷ್ಟ ಇರುವ ಕಡೆ ಅಯೋಡಿನ್ ನೀಲಿಗಪ್ಪಾಗುತ್ತದೆ. ಬಿಸಿಲು ಬಿದ್ದ ಕಡೆ ನೀಲಿಗಪ್ಪು, ಮುಚ್ಚಿದ ಕಡೆ ಬಣ್ಣವಿಲ್ಲ ಅಂತ ಬರಬೇಕು. ಇಡೀ ಎಲೆ ಕಪ್ಪಾಯಿತು. ಮುಂದಿನ ಸಾಲಿನ ಹುಡುಗಿ, "ಮಿಸ್, ಕಾಗದ ಮುಚ್ಚಿದ ಕಡೆಯೂ ಕಪ್ಪಾಯ್ತಲ್ಲ?" ಅಂದಳು. ನಮ್ಮವಳ ಕೈ ನಡುಗಿದ್ದು ನನಗೆ ಹಿಂದಿನಿಂದಲೇ ಕಂಡಿತು. "ಪ್ರಯೋಗ ಕೆಟ್ಟಿದೆ, ಪುಸ್ತಕದಲ್ಲಿ ಇರೋದು ಬರೆದುಕೊಳ್ಳಿ" ಅಂದುಬಿಟ್ಟಳು.

ಗಿಡವನ್ನು ಮೂರು ದಿನ ಕತ್ತಲಲ್ಲಿ ಇಡುವುದನ್ನು ಅವಳು ಮರೆತಿದ್ದಳು. ಹಾಗೆ ಇಟ್ಟರೆ ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖರ್ಚಾಗಿ ಹೋಗುತ್ತದೆ, ಆಮೇಲೆ ಹೊಸದಾಗಿ ಆದದ್ದು ಮಾತ್ರ ಕಾಣುತ್ತದೆ. ಸಂಜೆ ಶಾಲೆಯ ಜಗಲಿಯಲ್ಲಿ ಕೂತು ನಾವಿಬ್ಬರೂ ಮಾತಾಡಿದೆವು. ಇಂಟರ್ನ್‌ಶಿಪ್ಪಿನ ಮೇಷ್ಟ್ರು ಅಂತ ಆ ಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಇದ್ದರು, ಅವರೂ ಬಂದು ಕೂತರು. ಮಾರನೆಯ ದಿನ ಅವಳು ಅದೇ ಕಪ್ಪಾದ ಎಲೆಯನ್ನು ಗಾಜಿನ ತಟ್ಟೆಯಲ್ಲಿ ಇಟ್ಟುಕೊಂಡು ಬಂದು, "ನಿನ್ನೆ ಯಾಕೆ ಹೀಗಾಯ್ತು, ನೀವೇ ಹೇಳಿ" ಅಂದಳು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಅವಳೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ಎದ್ದು, "ಎಲೆ ಹಿಂದಿನ ದಿನ ಮಾಡಿದ ಅಡುಗೆ ಇನ್ನೂ ಮಿಕ್ಕಿತ್ತು ಅನ್ನಿ ಮಿಸ್" ಅಂದ. ಇಡೀ ತರಗತಿಗೆ ಅರ್ಥವಾಯಿತು. ಅಲ್ಲಿಂದ ಮಾತು ಕಬ್ಬಿನ ಗದ್ದೆಗೆ ಹೋಯಿತು: ಸಿಹಿ ಬೇರಿನಿಂದ ಬರುತ್ತದೋ ಸೋಗೆಯಿಂದ ಬರುತ್ತದೋ? ಆಲೆಮನೆಯ ಮಕ್ಕಳೇ ತುಂಬಿದ್ದ ತರಗತಿ ಅದು, ಅರ್ಧ ಜನ ಬೇರು ಅಂದರು. ಸಕ್ಕರೆ ತಯಾರಾಗುವುದು ಸೋಗೆಯಲ್ಲಿ, ಕೂಡಿಟ್ಟುಕೊಳ್ಳುವುದು ಜಲ್ಲೆಯಲ್ಲಿ ಅಂತ ತಿಳಿದಾಗ ಅವರ ಕಣ್ಣು ನೋಡಬೇಕಿತ್ತು.

ಎಲೆಯ ಹಸಿರಿಗೆ ಪುಸ್ತಕದಲ್ಲಿ ಪತ್ರಹರಿತ್ತು ಅನ್ನುತ್ತಾರಲ್ಲ, ಅದೇ ತರಗತಿಯಲ್ಲಿ ಇನ್ನೊಂದು ಮಗು "ಪತ್ರಹರಿತ್ತು ಅಂದರೆ ಕಾಗದಪತ್ರದ ಪತ್ರವಾ ಮಿಸ್?" ಅಂತ ಕೇಳಿತು. ನಗುವ ಪ್ರಶ್ನೆಯಲ್ಲ ಅದು. ಬಿ.ಇಡಿ.ಯಲ್ಲಿ ಎಲ್ಲ ವಿಷಯಗಳಲ್ಲೂ ಭಾಷೆ ಹೇಗೆ ಕೆಲಸ ಮಾಡುತ್ತದೆ ಅನ್ನುವ ಒಂದು ಪತ್ರಿಕೆ ಇದೆ. ಪರೀಕ್ಷೆಗೆ ಓದುವಾಗ ಅದು ಒಣ ಪತ್ರಿಕೆ. ಆ ಮಗುವಿನ ಪ್ರಶ್ನೆ ಕೇಳಿದ ಮೇಲೆ ಮಾತ್ರ ಅದನ್ನು ಯಾಕೆ ಇಟ್ಟಿದ್ದಾರೆ ಅಂತ ತಿಳಿಯುತ್ತದೆ. ಬಾಲ್ಯ ಮತ್ತು ಬೆಳವಣಿಗೆ, ಕಲಿಕೆ ಮತ್ತು ಬೋಧನೆ, ಮೌಲ್ಯಮಾಪನ, ಸಮನ್ವಯ ಶಿಕ್ಷಣ ಇವೆಲ್ಲವೂ ಹಾಗೆಯೇ. ಘಟಕ ಪರೀಕ್ಷೆಗೆ ನೀಲನಕ್ಷೆ ಹಾಕುವುದನ್ನು ಪುಸ್ತಕ ನೋಡಿ ಬರೆಯಬಹುದು. ನೀವು ತಯಾರಿಸಿದ ಪ್ರಶ್ನೆಯನ್ನು 38 ಮಕ್ಕಳು 38 ಬಗೆಯಲ್ಲಿ ಅರ್ಥ ಮಾಡಿಕೊಂಡದ್ದನ್ನು ತಿದ್ದುವಾಗ ಕಾಣುವುದು ಪುಸ್ತಕದಲ್ಲಿ ಸಿಗುವುದಿಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ನೋಡಮ್ಮ, ಆ ಕಾಲೇಜಿನವರಿಗೆ ಮುಂಗಡ ಕೊಡಬೇಡಿ. ಪಾಂಡವಪುರದಿಂದ ಮೈಸೂರಿಗೆ ರೈಲು ಇದೆ, ಮಂಡ್ಯಕ್ಕೂ ಇದೆ. ದೂರ ಎರಡೂ ಕಡೆಗೆ ಹೆಚ್ಚೇನಿಲ್ಲ. ಮಗಳು 4ಕ್ಕೆ ಬಂದಿದ್ದಾಳೆ, ಅಂಗನವಾಡಿಗೋ ಎಲ್‌ಕೆಜಿಗೋ ಹೋಗುವ ವಯಸ್ಸು. ಮಧ್ಯಾಹ್ನ ಅವಳನ್ನು ಕರೆತರಲು ಅತ್ತೆಯೋ ಅಮ್ಮನೋ ಯಾರಾದರೂ ಒಪ್ಪುತ್ತಾರಾ ಅಂತ ಈಗಲೇ ಮಾತಾಡಿ. ಎರಡು ವರ್ಷದ ಸಂಬಳ ನಿಲ್ಲುತ್ತದೆ, ಅದು ಸಣ್ಣ ಮಾತಲ್ಲ, ನನಗೆ ಗೊತ್ತು. ಇಂಟರ್ನ್‌ಶಿಪ್ಪಿಗೆ ಶಾಲೆ ಹಂಚುವಾಗ ನಿಮ್ಮ ಊರಿನ ಹತ್ತಿರದ್ದನ್ನು ಕೇಳಿ. ಬಹಳಷ್ಟು ಪ್ರಾಂಶುಪಾಲರು ಮಗುವಿರುವ ತಾಯಂದಿರಿಗೆ ಅಷ್ಟು ಅನುಕೂಲ ಮಾಡಿಕೊಡುತ್ತಾರೆ.

ಕಾಲೇಜು ಆರಿಸುವ ಮುಂಚೆ ಒಂದು ದಿನ ಹೋಗಿ ನೋಡಿಬನ್ನಿ. ಎನ್‌ಸಿಟಿಇ ಮಾನ್ಯತೆಯ ಆದೇಶ ಮತ್ತು ಈ ವರ್ಷದ ವಿಶ್ವವಿದ್ಯಾನಿಲಯದ ಸಂಯೋಜನೆ ಪತ್ರ ತೋರಿಸಿ ಅಂತ ಕೇಳಿ, ತೋರಿಸಲು ಹಿಂಜರಿದರೆ ವಾಪಸ್ ಬನ್ನಿ. 50 ವಿದ್ಯಾರ್ಥಿಗಳದು ಒಂದು ಘಟಕ. 100 ಜನರಿರುವ ಕಾಲೇಜಿನಲ್ಲಿ ನಿಯಮದಂತೆ 16 ಅಧ್ಯಾಪಕರಿರಬೇಕು, ಅವರಲ್ಲಿ ದೈಹಿಕ ಶಿಕ್ಷಣ, ಚಿತ್ರಕಲೆ, ಸಂಗೀತ ಅಥವಾ ನಾಟಕ ಕಲಿಸುವವರೂ ಸೇರುತ್ತಾರೆ. ವೆಬ್‌ಸೈಟಿನಲ್ಲಿ ಹೆಸರಿರುತ್ತದೆ, ಕೊಠಡಿಯಲ್ಲಿ ಜನ ಇದ್ದಾರಾ ನೋಡಿ. ಬೆಳಿಗ್ಗೆ 11ಕ್ಕೆ ಹೋದರೆ ತರಗತಿ ನಡೆಯುತ್ತಿರಬೇಕು. ಅಲ್ಲಿರುವ ಎರಡನೇ ವರ್ಷದ ವಿದ್ಯಾರ್ಥಿನಿಯನ್ನು ಪಕ್ಕಕ್ಕೆ ಕರೆದು, "ನಿಮ್ಮ ಪಾಠ ಯೋಜನೆಯ ಪುಸ್ತಕ ತೋರಿಸಿ" ಅನ್ನಿ. ಅದರ ಅಂಚಿನಲ್ಲಿ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಏನಾದರೂ ಬರೆದಿದ್ದಾರಾ, ಬರೀ ಸಹಿ ಹಾಕಿದ್ದಾರಾ ಅನ್ನುವುದರಲ್ಲೇ ಆ ಕಾಲೇಜು ಎಂಥದ್ದು ಅಂತ ನಿಮಗೆ ತಿಳಿಯುತ್ತದೆ.

ಕೊನೆಗೆ ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳು, ಜಾತಿ-ಆದಾಯ ಪ್ರಮಾಣಪತ್ರ ಇವು ಮನೆಯಲ್ಲೇ ಇರಬಹುದು. ತಡವಾಗುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ. ಓದಿದ ಪ್ರಾಥಮಿಕ ಶಾಲೆ, ಹೈಸ್ಕೂಲ್ ಎರಡೂ ಕಡೆಯ ಮುಖ್ಯ ಶಿಕ್ಷಕರು ಬರೆದುಕೊಟ್ಟ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಆಗಬೇಕು. ದಾಖಲಾತಿಯ ಪ್ರಕಟಣೆ ಬಂದ ವಾರ ಬಿಇಒ ಕಚೇರಿಯ ಮುಂದೆ ಸಾಲು ನಿಂತಿರುತ್ತದೆ. ಈ ಶನಿವಾರ ಬೆಳಿಗ್ಗೆಯೇ ನಿಮ್ಮ ಹಳೆಯ ಶಾಲೆಗೆ ಹೋಗಿಬನ್ನಿ, ನಿಮ್ಮ ಕಾಲದ ಮೇಷ್ಟ್ರು ಯಾರಾದರೂ ಇದ್ದರೆ ಹೈಸ್ಕೂಲ್ ಟೀಚರ್ ಆಗಲು ಹೊರಟಿದ್ದೇನೆ ಅಂತ ಹೇಳಿ, ದಾಖಲಾತಿ ಪುಸ್ತಕ ಅವರೇ ಹುಡುಕಿಕೊಡುತ್ತಾರೆ.